ಮಳೆಯ ದಿಕ್ಕು ನೋಡಿ ಊರು ಆರಿಸಿ

ಆಗಸ್ಟ್ ತಿಂಗಳ ಭಾನುವಾರ. ಗೋಕಾಕ ಫಾಲ್ಸ್‌ನ ತೂಗು ಸೇತುವೆಯ ಈಚೆ ದಂಡೆಯಲ್ಲಿ ನಿಂತಿದ್ದೆವು. ಘಟಪ್ರಭೆ ಕೆಮ್ಮಣ್ಣಿನ ಬಣ್ಣ ಹೊತ್ತು 171 ಅಡಿ ಕೆಳಕ್ಕೆ ಧುಮುಕುತ್ತಿದ್ದಳು. ತುಂತುರು ಹಾರಿ ಬಂದು ಕನ್ನಡಕ ಒರೆಸಿದಷ್ಟೂ ಮಸುಕಾಗುತ್ತಿತ್ತು. ತಲೆಯ ಮೇಲೆ ಮಾತ್ರ ಚುರುಕು ಬಿಸಿಲು. ಊರಿನಲ್ಲಿ ಆ ವಾರ ಹೇಳಿಕೊಳ್ಳುವಂಥ ಮಳೆಯೇ ಬಿದ್ದಿರಲಿಲ್ಲ.

ಪಕ್ಕದಲ್ಲಿದ್ದ ತಂಗಿಯ ಮಗಳು ಮೊಬೈಲ್ ಮುಂದೆ ಹಿಡಿದಳು. "ಮಾಮಾ, ಡಿಸೆಂಬರ್ ಕಡೀ ವಾರದಾಗ ಶ್ರೀಲಂಕಾಕ್ಕ ಹೋಗೂದಂತ ಮಾಡೇವಿ. ತ್ರಿಕೋಣಮಲೆಯಾಗ ಸಮುದ್ರದ ದಂಡಿ ಮ್ಯಾಲಿನ ಹೋಟೆಲ್ಲು ಅರ್ಧಾ ರೇಟಿಗೆ ಸಿಗಾಕತ್ತೈತಿ. ಬುಕ್ ಮಾಡ್ಲಿ?"

"ಅರ್ಧಾ ರೇಟ್ ಯಾಕಂತ ಕೇಳಿದೇನವ್ವಾ? ಮೊದ್ಲ ಇದನ್ನ ಹೇಳು, ಈ ನೀರು ಎಲ್ಲಿಂದ ಬಂತು?"

ಉತ್ತರ ಅವಳಿಗೂ ಗೊತ್ತು, ಗೋಕಾಕದ ಪ್ರತಿ ಮಗುವಿಗೂ ಗೊತ್ತು. ಮಳೆ ಸುರಿಯುವುದು ಪಶ್ಚಿಮಕ್ಕೆ, ಸಹ್ಯಾದ್ರಿಯಲ್ಲಿ. ಅಲ್ಲಿ ಸುರಿದು, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ತುಂಬಿ, ಆಮೇಲೆ ಇಲ್ಲಿಗೆ ಹೊಳೆ ಬರುತ್ತದೆ. ಮೋಡದ ನೀರನ್ನೆಲ್ಲ ಘಟ್ಟ ತಡೆದುಕೊಳ್ಳುವುದರಿಂದ ಗೋಕಾಕ, ಮೂಡಲಗಿಗಳ ಪಾಲಿಗೆ ಉಳಿಯುವುದು ಮಳೆಯ ನೆರಳು. ಏಪ್ರಿಲ್‌ನಲ್ಲಿ ಫಾಲ್ಸ್ ನೋಡಲು ಬಂದವರು ಬಂಡೆ ನೋಡಿ ಹೋಗುತ್ತಾರೆ. ಇಷ್ಟು ತಿಳಿದವರಿಗೆ ಉಷ್ಣವಲಯದ ಯಾವ ದೇಶದ ಪ್ರವಾಸವನ್ನೂ ಯೋಜಿಸಲು ಬೇಕಾದ ಮೊದಲ ಪಾಠ ಆಗಲೇ ಬಂದಿದೆ. ಮಳೆ ಯಾವ ದಿಕ್ಕಿನಿಂದ ಬರುತ್ತದೆ, ಬೆಟ್ಟ ಎಲ್ಲಿದೆ, ನಾವು ಉಳಿಯುವ ಊರು ಬೆಟ್ಟದ ಯಾವ ಮಗ್ಗುಲಿಗಿದೆ? ಈ ಮೂರು ಪ್ರಶ್ನೆಗಳನ್ನು ಕೇಳಿಯೇ ಹೋಟೆಲಿನ ದರ ನೋಡಬೇಕು.

ಶ್ರೀಲಂಕಾದ ನಡುಮಧ್ಯೆ ಬೆಟ್ಟವಿದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ಕೊಲಂಬೊ, ಗಾಲೆಯ ಕಡೆಗೆ ಸುರಿಯುತ್ತದೆ. ಆಗ ಪೂರ್ವದ ತ್ರಿಕೋಣಮಲೆಯಲ್ಲಿ ನಮ್ಮ ಗೋಕಾಕದಂತೆಯೇ ಬಿಸಿಲು. ಡಿಸೆಂಬರ್ ಹೊತ್ತಿಗೆ ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತದೆ. ತ್ರಿಕೋಣಮಲೆಗೆ ಮಳೆ, ಗಾಲೆಯ ಕಡಲು ಶಾಂತ. ಅರ್ಧ ದರದ ಗುಟ್ಟು ಇಷ್ಟೇ. ಅಲ್ಲಿನ ರೈತರಿಗೂ ವರ್ಷಕ್ಕೆ ಎರಡು ಹಂಗಾಮು: ಒಂದು 'ಯಳ', ಇನ್ನೊಂದು 'ಮಹ'. ನಮ್ಮ ಮುಂಗಾರಿ, ಹಿಂಗಾರಿ ಇದ್ದಂತೆಯೇ.

ಇದನ್ನು ನಾನು ಕಣ್ಣಾರೆ ಕಂಡದ್ದು ಒಂದು ಜನವರಿಯಲ್ಲಿ, ಅಲ್ಲಿನ ಬೆಟ್ಟದ ರೈಲಿನಲ್ಲಿ. ಚಹಾ ತೋಟಗಳ ನಡುವೆ ಏರುತ್ತ ಹೋದ ರೈಲು ಪಟ್ಟಿಪೊಳದ ಬಳಿ ಸುಮಾರು 1,900 ಮೀಟರ್ ಎತ್ತರ ಮುಟ್ಟಿ ಒಂದು ಸುರಂಗ ಹೊಕ್ಕಿತು. ಹೊಗುವಾಗ ಕಿಟಕಿಯ ಸರಳು ಮುಟ್ಟಿದರೆ ಬಿಸಿಲಿಗೆ ಬೆಚ್ಚಗಿತ್ತು. ಆಚೆ ಹೊರಬಿದ್ದಾಗ ಅದೇ ಸರಳಿನ ಮೇಲೆ ಹನಿ ಸಾಲುಗಟ್ಟಿ, ಹತ್ತು ಮಾರು ದೂರದ ಮರ ಮಂಜಿನಲ್ಲಿ ಕಾಣದಾಯಿತು. ಎದುರಿಗೆ ಕೂತಿದ್ದ ಅಜ್ಜಿ ಸುರಂಗ ಬರುವ ಮೊದಲೇ ಮೊಮ್ಮಗುವಿಗೆ ಸ್ವೆಟರ್ ತೊಡಿಸಿ ಸಿದ್ಧವಾಗಿದ್ದರು.

ಹಾಗೆಂದು ಗಾಳಿಯ ಪಂಚಾಂಗವನ್ನೇ ನಂಬಿ ಕೂರಬಾರದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಶ್ರೀಲಂಕಾದಲ್ಲಿ 600ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಗುಡ್ಡಗಳು ಕುಸಿದವು, ಆ ಬೆಟ್ಟದ ರೈಲು ದಾರಿಗೂ ಪೆಟ್ಟು ಬಿತ್ತು. ಅಲ್ಲಿಗೆ ಹೋಗುವವರು ಯಾವ ಭಾಗದಲ್ಲಿ ರೈಲು ಓಡುತ್ತಿದೆ ಎಂದು ಖಚಿತ ಮಾಡಿಕೊಂಡೇ ಹಣ ಕಟ್ಟಬೇಕು. ಮರಳುವ ವಿಮಾನದ ಹಿಂದಿನ ದಿನವನ್ನು ಪೂರ್ತಿ ಖಾಲಿ ಬಿಡಬೇಕು. ದಾರಿ ಮುರಿದರೆ ಆ ದಿನ ಕೈ ಹಿಡಿಯುತ್ತದೆ.

"ಹಂಗಾದ್ರ ಗಾಲೆಗೇ ಹೋಗೂನು. ಆದ್ರ ಅಲ್ಲಿ ರೇಟ್ ಭಾಳ ಮಾಮಾ."

ಹೌದು, ಹವೆ ಚೆನ್ನಾಗಿರುವಲ್ಲಿಗೇ ಜಗತ್ತೆಲ್ಲ ಬರುತ್ತದೆ. ಅವಳ ಗಂಡನ ಕಂಪನಿಯ ರಜೆ, ಮಗಳ ಶಾಲೆಯ ರಜೆ ಎರಡೂ ಕೂಡುವುದು ಆ ವಾರದಲ್ಲೇ ಎಂದಮೇಲೆ ಸೀಸನ್ ತಪ್ಪಿಸುವ ದಾರಿಯಿಲ್ಲ. ಊರುಗಳನ್ನು ಕಡಿಮೆ ಮಾಡುವ ದಾರಿ ಇದೆ. ಅವಳ ಪಟ್ಟಿಯಲ್ಲಿ ಏಳು ರಾತ್ರಿಗೆ ಆರು ಊರುಗಳಿದ್ದವು. ಜನಜಂಗುಳಿಯ ವಾರದಲ್ಲಿ ಪ್ರತಿ ಊರು ಬದಲಿಸುವುದಕ್ಕೂ ಅರ್ಧ ದಿನ ಹೋಗುತ್ತದೆ. ಮೂರೇ ಇರಲಿ ಎಂದೆ: ಡಚ್ಚರ ಕೋಟೆಯ ಗಾಲೆಯಲ್ಲಿ ಮೂರು ರಾತ್ರಿ, ಕ್ಯಾಂಡಿಯಲ್ಲಿ ಮೂರು, ಕೊನೆಯ ರಾತ್ರಿ ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲಿ. ಕ್ಯಾಂಡಿಯಿಂದ ಚಹಾ ತೋಟಗಳ ಕಡೆಗೆ ಒಂದು ದಿನದ ರೈಲು.

ಆ ರೈಲಿಗೆ ಡಿಸೆಂಬರ್‌ನಲ್ಲಿ ಇನ್ನೊಂದು ಬಗೆಯ ಜನರೂ ಹತ್ತುತ್ತಾರೆ. 2,243 ಮೀಟರ್ ಎತ್ತರದ ಶ್ರೀಪಾದ ಬೆಟ್ಟದ ಯಾತ್ರೆ ಆ ತಿಂಗಳ ಹುಣ್ಣಿಮೆಗೆ ಶುರುವಾಗಿ ಮೇ ತಿಂಗಳ ಹುಣ್ಣಿಮೆಯವರೆಗೆ ನಡೆಯುತ್ತದೆ. ನಮ್ಮ ಕಡೆಯ ಜನ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಹಾಗೆ ಮುದುಕರು, ಮಕ್ಕಳು ಗಂಟು ಕಟ್ಟಿಕೊಂಡು ಹೊರಡುತ್ತಾರೆ. ಸೀಟು ಕಾದಿರಿಸದೆ ಹೋದವರು ನಿಂತೇ ಹೋಗಬೇಕು.

ಅದಕ್ಕೇ ಹೊರಡುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಅವಳ ನೋಟ್‌ಬುಕ್ಕಿನಲ್ಲಿ ಹೀಗೆ ಬರೆಸಿದೆ. ಡಿಸೆಂಬರ್ 23ರಂದು ಘಟಪ್ರಭಾ ನಿಲ್ದಾಣದಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತುವುದಾದರೆ, ನಮ್ಮ ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿರುವುದರಿಂದ, ಟಿಕೆಟ್ ತೆರೆಯುವುದು ಅಕ್ಟೋಬರ್ 24ಕ್ಕೆ. ಡಿಸೆಂಬರ್ 28ರ ಕ್ಯಾಂಡಿ ರೈಲಿಗೆ ಅಲ್ಲಿ ಸಾಮಾನ್ಯವಾಗಿ 30 ದಿನ ಮೊದಲು, ಅಂದರೆ ನವೆಂಬರ್ 28ಕ್ಕೆ. ಎರಡಕ್ಕೂ ಆಯಾ ದಿನದ ಬೆಳಗ್ಗೆಯೇ ಕೂರಬೇಕು. ವಿಮಾನ ಮತ್ತು ಗಾಲೆಯ ವಸತಿ ಈ ತಿಂಗಳೇ ಆಗಬೇಕು. ಅದಕ್ಕೂ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಬೇಕು. ಪ್ರಯಾಣದ ಹೊತ್ತಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಇಲ್ಲದಿದ್ದರೆ ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಈಗಲೇ ಹೋಗಬೇಕು.

ಹೋಟೆಲಿಗೆ ಕೇಳಲೇಬೇಕಾದ ಎರಡು ಮಾತುಗಳಿವೆ. ಡಿಸೆಂಬರ್ 24 ಮತ್ತು 31ರ ರಾತ್ರಿ ಕಡಲತೀರದ ಹಲವು ಹೋಟೆಲುಗಳು ಹಬ್ಬದ ಊಟವನ್ನು ಕಡ್ಡಾಯ ಮಾಡಿ ತಲೆಗಿಷ್ಟು ಎಂದು ಬೇರೆ ಹಣ ಸೇರಿಸುತ್ತವೆ. ಸಸ್ಯಾಹಾರಿ ಕುಟುಂಬ ತಿನ್ನದ ಊಟಕ್ಕೆ ದುಡ್ಡು ಕೊಟ್ಟು ಬರುವಂತಾಗಬಾರದು. ಎರಡನೆಯದು ಚಟ್ನಿಯ ವಿಷಯ. ಅಲ್ಲಿನ ತೆಂಗಿನಕಾಯಿ ಸಂಬೋಲ ನೋಡಲು ನಮ್ಮ ಕೆಂಪು ಚಟ್ನಿಯಂತೆಯೇ ಇರುತ್ತದೆ. ಅದರಲ್ಲಿ ಅನೇಕ ಸಲ ಒಣ ಮೀನಿನ ಚೂರು, 'ಉಂಬಲಕಡ', ಸೇರಿರುತ್ತದೆ. ಆ ಒಂದು ಪದ ಕಲಿತು, ಬೇಡ ಎಂದು ಮೊದಲೇ ಹೇಳಬೇಕು.

ಇನ್ನು ಕಬ್ಬಿನ ಮನೆಗಳವರ ಮಾತು. ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಡಿಸೆಂಬರ್ ಎಂದರೆ ಕಬ್ಬು ಕಡಿಯುವ ಕಾಲ. ಗ್ಯಾಂಗ್ ಬಂದ ದಿನ ಮನೆಯವರು ಹೊಲದಲ್ಲಿರಬೇಕು. ಅವರಿಗೆ ಬಿಡುವು ಬೇಸಿಗೆಯಲ್ಲಿ, ಶಾಲೆಗಳಿಗೆ ರಜೆ ಬಿದ್ದ ಮೇಲೆ. ಅವರು ಇದಕ್ಕಾಗಿ ಪೇಚಾಡಬೇಕಿಲ್ಲ. ಭೂಮಧ್ಯರೇಖೆಯ ಕೆಳಗಿರುವ ಬಾಲಿಯಲ್ಲಿ ಲೆಕ್ಕವೇ ತಿರುಗುಮುರುಗು: ಡಿಸೆಂಬರ್‌ನಲ್ಲಿ ಮಳೆಯೂ ದುಬಾರಿಯೂ ಜೊತೆಗೇ ಬರುತ್ತವೆ. ಏಪ್ರಿಲ್‌ನಿಂದ ಒಣ ಹವೆ ಶುರು, ಜುಲೈ, ಆಗಸ್ಟ್‌ನ ದೊಡ್ಡ ಗದ್ದಲ ಇನ್ನೂ ದೂರ. ಮೇ ತಿಂಗಳು ನಮ್ಮ ರೈತ ಕುಟುಂಬಗಳಿಗೆಂದೇ ಮಾಡಿಟ್ಟಂತಿದೆ. ಮಾರ್ಚ್‌ನಲ್ಲಿ ಹೊರಡುವವರು ಮಾತ್ರ ಒಂದು ದಿನ ನೋಡಿಕೊಳ್ಳಬೇಕು. ಬಾಲಿಯ ಜನರಿಗೂ ನಮ್ಮಂತೆ ಶಕ ವರ್ಷದ ಹೊಸ ವರ್ಷವಿದೆ, ಹೆಸರು 'ನ್ಯೇಪಿ'. 2023ರಲ್ಲಿ ನಮ್ಮ ಯುಗಾದಿಯೂ ಅವರ ನ್ಯೇಪಿಯೂ ಮಾರ್ಚ್ 22ರಂದೇ ಬಂದವು. ಇಲ್ಲಿ ಬೇವು ಬೆಲ್ಲ ಹಂಚುವ ದಿನ ಅಲ್ಲಿ ಮೌನ. ಬೀದಿಗೆ ಯಾರೂ ಇಳಿಯುವುದಿಲ್ಲ, ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ.

ಕತ್ತಲಾಗುವ ಮುನ್ನ ಊರಿಗೆ ಬಂದು ಕರದಂಟಿನ ಅಂಗಡಿಯ ಮುಂದೆ ನಿಂತೆವು. ಬೆಲ್ಲ, ಅಂಟು, ಒಣಕೊಬ್ಬರಿ, ಉತ್ತತ್ತಿ ಕೂಡಿದ ಈ ತಿನಿಸಿನಷ್ಟು ಒಳ್ಳೆಯ ದಾರಿಬುತ್ತಿ ನನಗೆ ಬೇರೆ ಗೊತ್ತಿಲ್ಲ; ವಾರಗಟ್ಟಲೆ ಕೆಡುವುದಿಲ್ಲ, ಎರಡು ತುಂಡು ತಿಂದರೆ ಒಂದು ಹೊತ್ತು ತಳ್ಳಬಹುದು. ಆದರೆ ಕೆಲವು ಬಗೆಗಳಲ್ಲಿ ಗಸಗಸೆ ಹಾಕುತ್ತಾರೆ. ದುಬೈ, ಸಿಂಗಪುರಗಳಲ್ಲಿ ಗಸಗಸೆಗೆ ಮಾದಕ ವಸ್ತುಗಳ ಕಾನೂನು ಅಡ್ಡ ಬರುತ್ತದೆ. ಆ ದಾರಿಯಾಗಿ ಹೋಗುವವರು ಕೇಳಿಯೇ ಕೊಳ್ಳಬೇಕು.

ಅವಳು ಗಲ್ಲೆಯ ಬಳಿ ಹೋಗಿ, "ಗಸಗಸಿ ಇಲ್ಲದ್ದು ಮಾಡಿಕೊಡ್ತೀರಿ?" ಎಂದು ಕೇಳಿದಳು. ಮಾಡಿಕೊಡುತ್ತೇವೆ ಎಂದರು. ನೋಟ್‌ಬುಕ್ ತೆರೆದು, ನವೆಂಬರ್ 28ರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಡಿಸೆಂಬರ್ 22, ಕರದಂಟು, ಎರಡು ಕಿಲೊ.