ದನಗಳ ನರಹುಲಿಯ ಕಿಣ್ವಗಳು ಮತ್ತು ಸಾಕ್ಷ್ಯದ ಪ್ರಶ್ನೆ

ಪಶುವೈದ್ಯಶಾಸ್ತ್ರದ ಅಧ್ಯಾಪಕರಾದ ಮಿತ್ರರೊಬ್ಬರು ಕಳೆದ ಬೇಸಗೆಯಲ್ಲಿ ಕೆಲವು ಸಂಶೋಧನ ಪ್ರಬಂಧಗಳನ್ನು ನನ್ನ ಕೈಗಿತ್ತು, ಇತಿಹಾಸದ ವಿದ್ಯಾರ್ಥಿಯು ಇವುಗಳ ತರ್ಕವನ್ನು ಹೇಗೆ ತೂಗುವನೆಂದು ತಿಳಿಯಬಯಸಿದರು. ಪ್ರಬಂಧಗಳ ವಿಷಯವು ಪ್ಯಾಪಿಲೋಮಾ ವೈರಸ್ಸಿನಿಂದ ದನಗಳ ಚರ್ಮದ ಮೇಲೆ ಏಳುವ ಗಂಟುಗಳು, ಎಂದರೆ ನಮ್ಮ ರೈತರು ನರಹುಲಿ ಎನ್ನುವವು; ಮತ್ತು ಆ ಗಂಟುಗಳಲ್ಲಿ ಕಂಡುಬರುವ, ಅಂಗಾಂಶವನ್ನು ಕರಗಿಸುವ ಕಿಣ್ವಗಳು. ಜೀವರಸಾಯನದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಸಾಕ್ಷ್ಯದಿಂದ ತೀರ್ಮಾನಕ್ಕೆ ನಡೆಯುವ ದಾರಿಯು ಎಲ್ಲ ಶಾಸ್ತ್ರಗಳಿಗೂ ಸಮಾನವಾದುದರಿಂದ, ಆ ದಾರಿಯ ಮಟ್ಟಿಗೆ ಕೆಲವು ಮಾತುಗಳನ್ನು ಹೇಳುವುದು ಅನುಚಿತವಾಗಲಾರದು.

ಈ ಕಿಣ್ವಗಳ ಕಥೆಯು ರೋಗದಿಂದ ಆರಂಭವಾದುದಲ್ಲವೆಂಬುದನ್ನು ಮೊದಲು ನೆನೆಯಬೇಕು. ಗೊದಮೊಟ್ಟೆಯು ಕಪ್ಪೆಯಾಗುವಾಗ ಅದರ ಬಾಲವು ಏನಾಗುತ್ತದೆಂಬ ಪ್ರಶ್ನೆಯನ್ನು ಹಿಡಿದು ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಪಿಯೇರ್ ಎಂಬಿಬ್ಬರು ೧೯೬೨ರಲ್ಲಿ ಮಾಡಿದ ಪ್ರಯೋಗವೇ ಇದರ ಮೂಲ. ಕೊಲಾಜನ್ನಿನ ಲೋಳೆಯ ಮೇಲೆ ಗೊದಮೊಟ್ಟೆಯ ಅಂಗಾಂಶದ ತುಣುಕುಗಳನ್ನಿರಿಸಿದಾಗ ಸುತ್ತಲಿನ ಕೊಲಾಜನ್ ಕರಗಿಹೋಯಿತು. ಮುಂದೆ ಇಂಥ ಕಿಣ್ವಗಳು ಒಂದೊಂದಾಗಿ ಪತ್ತೆಯಾಗಿ, ಸತುವಿನ ಅಣುವನ್ನು ಗರ್ಭದಲ್ಲಿಟ್ಟುಕೊಂಡ ಒಂದು ದೊಡ್ಡ ಕುಲವೇ ಬೆಳಕಿಗೆ ಬಂದಿತು. ಮ್ಯಾಟ್ರಿಕ್ಸ್ ಮೆಟಲೋಪ್ರೋಟಿನೇಸ್, ಸಂಕ್ಷೇಪವಾಗಿ ಎಂಎಂಪಿ, ಎಂಬುದು ಅದರ ಈಗಿನ ಹೆಸರು. ಗಾಯ ಮಾಯುವುದಕ್ಕೆ ಇವು ಬೇಕು. ಮೂಳೆ ಬೆಳೆಯುವುದಕ್ಕೆ ಬೇಕು. ಹೆರಿಗೆಯ ತರುವಾಯ ಗರ್ಭಕೋಶವು ಕುಗ್ಗುವುದಕ್ಕೂ ಬೇಕು. ೧೯೮೦ರಲ್ಲಿ ಲಿಯೋಟ್ಟಾ ಮತ್ತು ಅವರ ಸಹೋದ್ಯೋಗಿಗಳು, ಅರ್ಬುದಕೋಶಗಳು ದೂರಕ್ಕೆ ಹರಡುವ ಶಕ್ತಿಗೂ ಅಂಗಾಂಶದ ತಳಪೊರೆಯ ಕೊಲಾಜನ್ನನ್ನು ಒಡೆಯುವ ಶಕ್ತಿಗೂ ಸಂಬಂಧವುಂಟೆಂದು ತೋರಿಸಿದ ಮೇಲೆ, ಮನೆಯ ಕೆಲಸದಾಳುಗಳಂತಿದ್ದ ಇವುಗಳಿಗೆ ಕಳ್ಳರೆಂಬ ಹೆಸರು ಅಂಟಿಕೊಂಡಿತು.

ದನದ ಗಂಟುಗಳ ಬಗೆಗಿನ ವಾದವು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಗಂಟನ್ನು ಕತ್ತರಿಸಿ ತೆಗೆದು, ಅದರಲ್ಲಿ ವೈರಸ್ಸಿನ ಡಿಎನ್‌ಎ ಇದೆಯೆಂದು ಖಚಿತಪಡಿಸಿಕೊಂಡು, ಎಂಎಂಪಿ-೨, ಎಂಎಂಪಿ-೯ ಮೊದಲಾದವುಗಳನ್ನು ಪ್ರತಿಕಾಯಗಳ ಸಹಾಯದಿಂದ ಹುಡುಕುತ್ತಾರೆ. ಆರೋಗ್ಯವಂತ ಚರ್ಮದಲ್ಲಿರುವುದಕ್ಕಿಂತ ಗಂಟಿನಲ್ಲಿ ಅವು ಹೆಚ್ಚಾಗಿ ಕಂಡುಬಂದರೆ, ಗಂಟಿನ ಬೆಳವಣಿಗೆಯಲ್ಲಿ ಅವುಗಳ ಪಾತ್ರವುಂಟೆಂದು ತೀರ್ಮಾನಿಸುತ್ತಾರೆ.

ಇಲ್ಲಿ ಮೊದಲನೆಯ ತೊಡಕು, ಈ ಕಿಣ್ವಗಳು ಜೀವಕೋಶದಿಂದ ಹೊರಬರುವಾಗ ಬಹುಮಟ್ಟಿಗೆ ನಿಷ್ಕ್ರಿಯವಾದ ಪೂರ್ವರೂಪದಲ್ಲಿರುತ್ತವೆ ಎಂಬುದು. ಅವುಗಳ ಕಟ್ಟನ್ನು ಬೇರೊಂದು ಕಿಣ್ವವು ಬಿಚ್ಚಬೇಕು. ಬಿಚ್ಚಿದ ಮೇಲೂ ಟಿಂಪ್ ಎಂಬ ನಿರೋಧಕಗಳು ಅವುಗಳನ್ನು ತಡೆಯಬಲ್ಲವು. ಬಳಕೆಯಲ್ಲಿರುವ ಪ್ರತಿಕಾಯಗಳಲ್ಲಿ ಅನೇಕವು ಪೂರ್ವರೂಪಕ್ಕೂ ಸಕ್ರಿಯರೂಪಕ್ಕೂ ಭೇದವನ್ನೆಣಿಸುವುದಿಲ್ಲ. ಜೆಲಟಿನ್ ಬೆರೆಸಿದ ಜೆಲ್ಲಿನಲ್ಲಿ ಅಂಗಾಂಶದ ಸಾರವನ್ನು ಹರಿಯಿಸಿ, ನೀಲಿ ಬಣ್ಣದ ನಡುವೆ ಬಿಳಿಯ ಪಟ್ಟೆಗಳನ್ನು ನೋಡುವ ಜೈಮೋಗ್ರಫಿ ಎಂಬ ವಿಧಾನವು ಎರಡು ರೂಪಗಳನ್ನೂ ತೂಕದಿಂದ ಬೇರ್ಪಡಿಸುತ್ತದೆ, ನಿಜ. ಆದರೆ ಆ ಕ್ರಮದಲ್ಲಿ ನಿರೋಧಕಗಳು ಕಳಚಿಹೋಗುತ್ತವೆ. ಅಂಗಾಂಶವನ್ನು ಅರೆದುಬಿಟ್ಟುದರಿಂದ ಕಿಣ್ವವು ಎಲ್ಲಿತ್ತೆಂಬುದೂ ಅಳಿಸಿಹೋಗುತ್ತದೆ. ಶಾಸನಗಳನ್ನು ಓದುವವರಿಗೆ ಈ ಕಷ್ಟವು ಹೊಸತಲ್ಲ. ದತ್ತಿಯ ಶಾಸನವು ದತ್ತಿಯನ್ನು ಕೊಟ್ಟುದನ್ನು ಹೇಳುತ್ತದೆ. ಆ ಭೂಮಿಯ ಫಸಲು ದೇವಾಲಯಕ್ಕೆ ವರ್ಷವರ್ಷವೂ ಸಂದಿತೆಂಬುದನ್ನು ಅದೊಂದರಿಂದಲೇ ಹೇಳಲಾಗದು.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು; ನನ್ನ ಮುಖ್ಯ ಆಕ್ಷೇಪಣೆಯೂ ಅದೇ. ಈ ವಾದದಲ್ಲಿ ಕಾಲವೇ ಇಲ್ಲ. ದನದ ನರಹುಲಿಯ ವಿಶೇಷವೆಂದರೆ, ಎಳೆಯ ಪಶುಗಳಲ್ಲಿ ಅದು ತಿಂಗಳುಗಳ ಕಾಲ ಬೆಳೆದು, ಬಹುಪಾಲು ಪ್ರಸಂಗಗಳಲ್ಲಿ ತಾನಾಗಿಯೇ ಉದುರಿಹೋಗುವುದು. ನಮ್ಮ ಮನೆಯ ಕಡಸಿನ ಕುತ್ತಿಗೆಯಲ್ಲಿ ಎದ್ದಿದ್ದ ಗೊಂಚಲಿಗೆ ನನ್ನ ಅಜ್ಜ ಕುದುರೆಬಾಲದ ಕೂದಲನ್ನು ಬಿಗಿದರು. ಕೆಲವು ತಿಂಗಳಲ್ಲಿ ಅದು ಬಿದ್ದಿತು. ಕೀರ್ತಿಯೆಲ್ಲವೂ ಕೂದಲಿಗೆ ಸಂದಿತು. ಕೂದಲು ಬಿಗಿಯದಿದ್ದ ಗಂಟುಗಳೂ ಆಗಲೇ ಬಿದ್ದುಹೋದುದನ್ನು ಗಮನಿಸಿದವರು ಯಾರೂ ಇರಲಿಲ್ಲ. ಬೆಳೆಯುವ ಗಂಟಿಗೆ ಸುತ್ತಲಿನ ಅಂಗಾಂಶವನ್ನು ಕರಗಿಸುವ ಅಗತ್ಯವಿದ್ದರೆ, ಕರಗುವ ಗಂಟಿಗೆ ತನ್ನ ಅಂಗಾಂಶವನ್ನೇ ಕರಗಿಸಿಕೊಳ್ಳುವ ಅಗತ್ಯವಿದೆ. ಗೊದಮೊಟ್ಟೆಯ ಬಾಲವು ಕಲಿಸಿದ ಪಾಠವೇ ಇದಲ್ಲವೆ? ಹೀಗಿರುವಾಗ, ಒಂದೇ ದಿನ ಕತ್ತರಿಸಿದ ತುಣುಕಿನಲ್ಲಿ ಕಿಣ್ವವು ಹೇರಳವಾಗಿದ್ದರೆ ಅದು ಏಳುವ ಗಂಟಿನ ಲಕ್ಷಣವೋ ಬೀಳುವ ಗಂಟಿನ ಲಕ್ಷಣವೋ ಹೇಗೆ ನಿರ್ಣಯಿಸುವುದು? ಗಂಗರ ತಾಮ್ರಪಟಗಳ ವಿಷಯದಲ್ಲಿ ರೈಸ್ ಮತ್ತು ಫ್ಲೀಟ್ ಇವರಿಗೆ ನಡೆದ ದೀರ್ಘ ವಿವಾದವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಪಟವು ಕಣ್ಣೆದುರಿಗಿದ್ದರೂ ಅದರ ಕಾಲವು ನಿಶ್ಚಯವಾಗುವ ತನಕ ಅದರಿಂದ ಇತಿಹಾಸ ಕಟ್ಟಲಾಗದು.

ಕಿಣ್ವವಿದ್ದಲ್ಲೆಲ್ಲ ಅಪರಾಧವಿದೆಯೆಂದು ನಂಬಿದುದರ ಬೆಲೆಯು ಅಲ್ಪವಲ್ಲ. ೧೯೯೦ರ ದಶಕದಲ್ಲಿ ಮನುಷ್ಯರ ಅರ್ಬುದಕ್ಕೆ ಈ ಕಿಣ್ವಗಳನ್ನು ತಡೆಯುವ ಔಷಧಿಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಮರಿಮಾಸ್ಟಾಟ್ ಪಡೆದ ರೋಗಿಗಳಲ್ಲಿ ಅನೇಕರಿಗೆ ಕೀಲುನೋವು ಬಂದಿತು. ನಿರೀಕ್ಷಿಸಿದ ಆಯುಸ್ಸು ಬರಲಿಲ್ಲ. ತನೊಮಾಸ್ಟಾಟ್ ಎಂಬುದರ ಪರೀಕ್ಷೆಯನ್ನು ೧೯೯೯ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಔಷಧಿ ಪಡೆದವರ ಸ್ಥಿತಿಯು ಹುಸಿಗುಳಿಗೆ ಪಡೆದವರದಕ್ಕಿಂತ ಕೆಟ್ಟಿತ್ತು. ೨೦೦೩ರಲ್ಲಿ ಎಂಎಂಪಿ-೮ ಇಲ್ಲದಂತೆ ಬೆಳೆಸಿದ ಗಂಡಿಲಿಗಳಲ್ಲಿ ಚರ್ಮದ ಗಡ್ಡೆಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಕಾವಲುಗಾರನನ್ನು ಕಳ್ಳನೆಂದು ಹಿಡಿದಂತಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಈ ಸಂಶೋಧನೆಯು ನಿರಾಧಾರವೆಂದು ನನ್ನ ಅಭಿಪ್ರಾಯವಲ್ಲ. ವೈರಸ್ಸಿಗೂ ಕಿಣ್ವಕ್ಕೂ ನಡುವಣ ಕೊಂಡಿಯನ್ನು ಊಹಿಸಲು ಕಾರಣಗಳಿವೆ. ದನದ ಪ್ಯಾಪಿಲೋಮಾ ವೈರಸ್ಸಿನ ಮೊದಲನೆಯ ಪ್ರಭೇದವು ತಯಾರಿಸುವ ಇ೫ ಎಂಬ ಪ್ರೋಟೀನು ಕೇವಲ ೪೪ ಅಮೈನೋ ಆಮ್ಲಗಳಷ್ಟು ಚಿಕ್ಕದು; ಅದು ಜೀವಕೋಶದ ಪೊರೆಯಲ್ಲಿರುವ ಬೆಳವಣಿಗೆಯ ಗ್ರಾಹಕವೊಂದಕ್ಕೆ ಅಂಟಿಕೊಂಡು, ಹೊರಗಿನಿಂದ ಆಜ್ಞೆ ಬಾರದಿದ್ದರೂ ಬಂದಂತೆ ನಟಿಸುತ್ತದೆ. ಆ ಆಜ್ಞೆಯ ಸರಪಣಿಯು ಮುಂದುವರಿದು ಕಿಣ್ವಗಳ ಜೀನುಗಳನ್ನು ಎಚ್ಚರಿಸುವುದು ಅಸಂಭವವಲ್ಲ. ಇದಕ್ಕಿಂತಲೂ ಬೆಲೆಯುಳ್ಳದ್ದು ಕುದುರೆಯ ಸಾಕ್ಷ್ಯ. ದನದ ನರಹುಲಿಯ ಸಾರದಿಂದ ಕುದುರೆಯ ಚರ್ಮದಲ್ಲಿ ಗಡ್ಡೆಯನ್ನುಂಟುಮಾಡಬಹುದೆಂದು ಓಲ್ಸನ್ ಮತ್ತು ಕುಕ್ ೧೯೫೧ರಲ್ಲಿಯೇ ತೋರಿಸಿದ್ದರು. ಸ್ವಾಭಾವಿಕವಾಗಿ ಕುದುರೆಗೆ ಬರುವ ಸಾರ್ಕಾಯ್ಡ್ ಎಂಬ ಗಡ್ಡೆಯಲ್ಲಿಯೂ ಇದೇ ವೈರಸ್ಸುಗಳ ಡಿಎನ್‌ಎ ಕಾಣುತ್ತದೆ. ಅದು ದನದ ಗಂಟಿನಂತೆ ಸುಲಭವಾಗಿ ಉದುರುವುದಿಲ್ಲ, ಸುತ್ತಲಿನ ಚರ್ಮದೊಳಗೆ ನುಗ್ಗುತ್ತದೆ, ಕತ್ತರಿಸಿದರೂ ಮರುಕಳಿಸುತ್ತದೆ. ವೈರಸ್ಸು ಒಂದೇ, ಆಶ್ರಯವು ಎರಡು, ಫಲವೂ ಎರಡು. ಎರಡು ಪ್ರಾಣಿಗಳ ಗಂಟುಗಳಲ್ಲಿ ಸಕ್ರಿಯ ಕಿಣ್ವವನ್ನೂ ನಿರೋಧಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬರುವ ಬೆಳಕು, ದನದ ಗಂಟೊಂದನ್ನೇ ನೂರು ಸಲ ಬಣ್ಣಕ್ಕಿಟ್ಟು ನೋಡಿದರೆ ಬರಲಾರದು.

ಒಂದೇ ಪಶುವಿನ ಗಂಟುಗಳನ್ನು ಏಳುವಾಗ, ನಿಂತಾಗ, ಬೀಳುವಾಗ, ಹೀಗೆ ಮೂರು ಬಾರಿ ಪರೀಕ್ಷಿಸಬಾರದೇಕೆಂದು ಮಿತ್ರರನ್ನು ಕೇಳಿದೆ. ರೈತನು ಕಡಸನ್ನು ಮೂರು ಸಲ ಕತ್ತರಿಸಲು ಬಿಡುವುದಿಲ್ಲವೆಂದೂ, ಗಂಟು ಬೀಳತೊಡಗಿದ ಪಶುವನ್ನು ಆಸ್ಪತ್ರೆಗೆ ಯಾರೂ ಹೊಡೆದುಕೊಂಡು ಬರುವುದಿಲ್ಲವೆಂದೂ ಅವರು ಉತ್ತರ ಕೊಟ್ಟರು. ಹಾಗಾದರೆ ಆಸ್ಪತ್ರೆಯ ಗಾಜಿನ ತಟ್ಟೆಗಳಲ್ಲಿ ಉಳಿದಿರುವುದು ಬಹುಪಾಲು ಬೀಳದ ಗಂಟುಗಳ ದಾಖಲೆಯೇ. ಈ ಸಂಗತಿಯನ್ನು ಪ್ರಬಂಧಗಳ ಮೊದಲ ಪುಟದಲ್ಲಿಯೇ ಓದುಗರಿಗೆ ತಿಳಿಸಬೇಕಾಗಿತ್ತು.