ಕುಂದಗೋಳದ ವಾಡೆ: ಪಡಸಾಲೆಯೇ ರಂಗವಾದಾಗ

ರಂಗಮಂದಿರ ಎಂದರೆ ಪರದೆ, ಎತ್ತರದ ವೇದಿಕೆ, ಕುರ್ಚಿಗಳ ಸಾಲು ನೆನಪಾಗುತ್ತವೆ. ಕುಂದಗೋಳದ ನಾಡಗೀರ ವಾಡೆಯನ್ನು ಅದಕ್ಕಾಗಿ ಕಟ್ಟಿದ್ದಲ್ಲ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರಿನ ವತನದಾರರ ಮನೆ ಅದು. ಆದರೂ ಧಾರವಾಡ ಸೀಮೆಯ ಸಂಗೀತದ ಚರಿತ್ರೆ ಬರೆಯುವವರು ಯಾವ ನಾಟಕಗೃಹಕ್ಕಿಂತ ಮೊದಲು ಈ ಮನೆಯ ಹೊಸ್ತಿಲು ದಾಟಬೇಕು.

ಸಂಗೀತಪ್ರಿಯರಾದ ರಂಗನಗೌಡ ನಾಡಗೀರರ ಈ ಮನೆಗೆ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಬರುತ್ತಿದ್ದರು. ನಾಡಗೀರರಲ್ಲಿ ಗುಮಾಸ್ತರಾಗಿದ್ದ ಗಣೇಶ ಸೌಂಶಿಯವರ ಮಗ ರಾಮಭಾವು ಅವರ ಶಿಷ್ಯರಾದರು. ಮುಂದೆ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ ‘ಸವಾಯಿ ಗಂಧರ್ವ’ (1886–1952) ಎನಿಸಿಕೊಂಡರು. ನಾಟಕದಿಂದ ಬಂದ ಹೆಸರು ಹೊತ್ತ ಆ ಗಾಯಕರ ನೆನಪಿಗೆ ಇದೇ ವಾಡೆಯಲ್ಲಿ ಅಹೋರಾತ್ರಿ ಸಂಗೀತೋತ್ಸವ ನಡೆಯುತ್ತ ಬಂದಿದೆ.

ನಮ್ಮ ಕಡೆಯ ವಾಡೆಗಳ ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ, ತೊಲೆ-ಜಂತಿಯ ಮಾಳಿಗೆ ಸಿಮೆಂಟಿನ ಸಭಾಭವನದಂತೆ ದನಿಯನ್ನು ಮಾರ್ದನಿಸಿ ಕೆಡಿಸುವುದಿಲ್ಲ. ಹಾಡುವವರಿಗೂ ಕೇಳುವವರಿಗೂ ನಡುವೆ ದೂರವೂ ಕಡಿಮೆ. ಒಂದೊಂದೇ ಸ್ವರವನ್ನು ನಿಧಾನವಾಗಿ ಬೆಳೆಸುವ ಕಿರಾನಾ ಗಾಯನಕ್ಕೆ ಪಡಸಾಲೆಗಿಂತ ಒಳ್ಳೆಯ ರಂಗ ಬೇಕೆ?

ಆದರೆ ವಾಡೆಯ ವಾಸ್ತು ಅಷ್ಟೇನೂ ಮುಗ್ಧವಲ್ಲ. ಹೆಬ್ಬಾಗಿಲು, ಅಂಗಳ, ಪಡಸಾಲೆ, ಒಳಮನೆ: ಯಾರು ಎಲ್ಲಿಯವರೆಗೆ ಬರಬಹುದೆಂದು ಜಾತಿ ಗೊತ್ತುಮಾಡಿದ ಗಡಿಗಳಿವು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಬಾಲಕಿ ಗಂಗೂಬಾಯಿಗೆ, ಊಟಕ್ಕೆ ಬೇರೆ ಕೂರಿಸಿಯಾರೆಂಬ ಅಂಜಿಕೆ ಕಾಡಿತ್ತು. ಅದೇ ಗಂಗೂಬಾಯಿ ಹಾನಗಲ್ ಮುಂದೆ ಹುಬ್ಬಳ್ಳಿಯಿಂದ ರೈಲು ಹತ್ತಿ ಸವಾಯಿ ಗಂಧರ್ವರಲ್ಲಿ ಕಲಿಯಲು ಕುಂದಗೋಳಕ್ಕೆ ಬಂದರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತರು. ಗಡಿಗಳು ಅಳಿಯಲಿಲ್ಲ, ಆದರೆ ವಿದ್ಯೆ ಅವುಗಳನ್ನು ದಾಟಿತು.

ಇಂದು ಖಾನ್‌ಸಾಹೇಬರ ಹೆಸರು ಸೌಹಾರ್ದದ ಭಾಷಣಗಳಿಗೆ ಚೆನ್ನಾಗಿ ಒದಗುತ್ತದೆ. ಮಾರನೆಯ ದಿನ ಬಾಡಿಗೆ ಮನೆ ಕೇಳಿ ಹೋದ ಸಾಬರ ಹುಡುಗನಿಗೆ ಮಾತ್ರ ಬಾಗಿಲು ತೆರೆಯುವುದಿಲ್ಲ. ನಮ್ಮವರೂ ಕಡಿಮೆಯಿಲ್ಲ. 1937ರಲ್ಲಿ ತೀರಿಕೊಂಡು ಮೀರಜಿನ ದರ್ಗಾದ ಆವರಣದಲ್ಲಿ ಮಲಗಿರುವ ಉಸ್ತಾದರನ್ನು, ಸಂಗೀತ ನಮಗೆ ಸಲ್ಲದೆಂದು ದೂರವಿಟ್ಟಿದ್ದೇವೆ. ಒಬ್ಬರು ಹೆಸರನ್ನು ಇಟ್ಟುಕೊಂಡು ಮನುಷ್ಯನನ್ನು ಬಿಟ್ಟರು, ಇನ್ನೊಬ್ಬರು ಹೆಸರನ್ನೂ ಬಿಟ್ಟರು.

ವಾಡೆಯ ಕಂಬಗಳನ್ನು ದುರಸ್ತಿ ಮಾಡಿ ಉಳಿಸಬೇಕು, ನಿಜ. ಅದರ ಜೊತೆಗೆ ಶಿಷ್ಯನ ಜಾತಿ ಕೇಳದ ಗುರುವಿಗೂ, ಗುರುವಿನ ಮತ ನೋಡದ ಶಿಷ್ಯನಿಗೂ ನಮ್ಮ ಊರುಗಳಲ್ಲಿ ಇನ್ನೂ ಒಂದು ಪಡಸಾಲೆ ಉಳಿದಿದೆಯೇ ಎಂದು ನಾವು ಕೇಳಿಕೊಳ್ಳಬೇಕು.