ಬೆರಳಿಗೆ ಅಂಟಿದ ನೇರಳೆ

ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಎಂದರೆ ರೇಷ್ಮೆಹುಳುವಿಗೆ ಹಾಕುವ ಸೊಪ್ಪು. ಹಣ್ಣನ್ನು ಕೇಳುವವರು ಮಕ್ಕಳು, ಹಕ್ಕಿಗಳು, ಮತ್ತೆ ನನ್ನಂಥ ಕೆಲಸವಿಲ್ಲದವರು. ಮತ್ತೆಮತ್ತೆ ಕಟಾವಾಗುವ ತೋಟದ ಗಿಡಕ್ಕೆ ಹಣ್ಣು ಮಾಗಿಸುವಷ್ಟು ಬಿಡುವೆಲ್ಲಿ? ಬದುವಿನಲ್ಲಿ ಮರವಾಗಲು ಬಿಟ್ಟದ್ದನ್ನು ನೋಡಬೇಕು. ಒಂದೇ ರೆಂಬೆಯಲ್ಲಿ ಹಸಿರು, ಕೆಂಪು, ಕಪ್ಪು. ಕೆಂಪು ಕಂಡು ಕೈಹಾಕಿದಿರೋ, ಹಲ್ಲು ಚುಳ್ ಎನ್ನುವ ಹುಳಿ. ಕಪ್ಪಗಾಗಿ ಮುಟ್ಟಿದರೆ ಕಳಚುವಂತಿದ್ದರೆ ಮಾತ್ರ ಸಿಹಿ.

ಒಂದು ಹಣ್ಣೆಂದು ನಾವು ಬಾಯಿಗಿಡುವುದು ಹತ್ತಾರು ಪುಟ್ಟ ಹೂಗಳ ಗೊಂಚಲು. ಒಂದೊಂದು ಹೂವೂ ಉಬ್ಬಿ ಒಂದೊಂದು ರಸದ ಮಣಿ. ನಡುವಿನ ಹಸಿರು ತೊಟ್ಟು ಬಿಡಿಸಲು ಬಾರದು, ಅದನ್ನೂ ತಿನ್ನುವುದೇ.

ಬಣ್ಣದ ತಮಾಷೆ ಕೈ ತೊಳೆಯುವಾಗ. ಬೆರಳ ಕಲೆಗೆ ಸೋಪು ಹಚ್ಚಿದರೆ ನೀಲಿಗೆ ತಿರುಗುತ್ತದೆ, ನಿಂಬೆ ಹಿಂಡಿದರೆ ಕೆಂಪಾಗುತ್ತದೆ. ಹಣ್ಣಿಗೆ ಬಣ್ಣ ಕೊಡುವ ಆಂಥೋಸಯಾನಿನ್‌ನ ಗುಣ ಅದು. ಬಿಳಿ ಅಂಗಿಗೆ ಬಿದ್ದರೆ ಮಾತ್ರ ತಮಾಷೆಯಲ್ಲ.

ರೇಷ್ಮೆ ಸಾಕುವವರ ಮಾತಿನಲ್ಲಿ ಹುಳುವೂ ‘ಹಣ್ಣಾಗುತ್ತದೆ’. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಾಲ್ಕು ಸರದಿ ದಾಟಿ, ಸೊಪ್ಪು ಬಿಟ್ಟು, ಮೈ ಹೊಳಪೇರಿ ಹಳದಿಯಾದಾಗ ಅದನ್ನು ಆಯ್ದು, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ತಟ್ಟಿಗೆ ಬಿಡುತ್ತಾರೆ. ಆಗ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬದುವಿನ ಮರದಡಿ ಉದುರಿದ ಹಣ್ಣನ್ನು ಅಷ್ಟರಲ್ಲಿ ಇರುವೆಗಳು ಮುಗಿಸಿರುತ್ತವೆ.